ಒಂದು ಹಲ್ಲಿನ ಮೇಸ್ತ್ರಿ

ದೇವರಾಯಸಮುದ್ರ ಎಂಬ ಹೆಸರು ಕೇಳಿ ಅಲೆ ನೋಡಲು ಬಂದವರಿಗೆ ಬಂಡೆ ಕಾಣುತ್ತದೆ. ನಮ್ಮ ಬಯಲುಸೀಮೆಯ ಹಿರಿಯರು ಕೆರೆ ಕಟ್ಟಿದರೆ ಅದಕ್ಕೆ ಸಾಗರ, ಸಮುದ್ರಕ್ಕಿಂತ ಸಣ್ಣ ಹೆಸರಿಡುತ್ತಿರಲಿಲ್ಲ. ಬಾಯಾರಿದವರ ಭಾಷೆ ಅದು. ಕೋಲಾರದಿಂದ ಮುಳಬಾಗಿಲಿಗೆ ಹೋಗುವ ಹೆದ್ದಾರಿಯ ಈ ಸೀಮೆಯಲ್ಲಿ ಕಲ್ಲು ಒಡೆಯಬೇಕು, ದಿಬ್ಬ ತಳ್ಳಬೇಕು, ಆಮೇಲೆ ಮಾವಿನ ಸಸಿಯ ಮಾತು. ಮಾವಿನಲ್ಲಿ ಬಾದಾಮಿ, ತೋತಾಪುರಿ ಇರುವಂತೆ ಇಲ್ಲಿ ಮನುಷ್ಯರಲ್ಲೂ ಒಂದು ತಳಿಯಿದೆ: ಹಳೇ ಡೋಜರ್ ಮೇಸ್ತ್ರಿ. ಹೆದ್ದಾರಿಯುದ್ದಕ್ಕೂ ಊರಿಗೊಬ್ಬರಾದರೂ ಸಿಗುತ್ತಾರೆ. ನಾನು ಹೇಳುವುದು ನನಗೆ ಸಿಕ್ಕವರ ವಿಷಯ.

ವಯಸ್ಸು ಕೇಳಿದರೆ ಇಸವಿ ಹೇಳುವುದಿಲ್ಲ, "ಡಿ-80 ಡೋಜರ್ ಓಡಿಸೋ ಹೊತ್ತಿಗೆ ನಂಗೆ ಮೀಸೆ ಬಂದಿತ್ತು" ಎನ್ನುತ್ತಾರೆ. ಮೊದಲು ಖಾಕಿ ಇದ್ದಿರಬಹುದಾದ ಅಂಗಿ, ಕಿವಿಯ ಸಂದಿಯಲ್ಲಿ ಅರ್ಧ ಬೀಡಿ, ಜೇಬಿನಲ್ಲಿ ಯಾವ ಗಾಡಿಯದೆಂದು ಅವರಿಗೂ ನೆನಪಿಲ್ಲದ ಎರಡು ನಟ್ಟು. ಲೆಕ್ಕ ಕನ್ನಡದಲ್ಲಿ, ಕೋಪ ತೆಲುಗಿನಲ್ಲಿ, ಬೋಲ್ಟು ಜಾಮ್ ಆದರೆ ತಮಿಳಿನಲ್ಲಿ. ಆ ತಮಿಳು ಕೆಜಿಎಫ್‌ನದು.

ಕೆಜಿಎಫ್ ಎಂದರೆ ಅವರಿಗೆ ಚಿನ್ನವಲ್ಲ, ಸಿನಿಮಾವಂತೂ ಅಲ್ಲವೇ ಅಲ್ಲ, ಬೆಮಲ್. 1964ರಲ್ಲಿ ಹುಟ್ಟಿದ ಆ ಕಂಪನಿ ಜಪಾನಿನ ಕೊಮಾಟ್ಸು ತಂತ್ರಜ್ಞಾನ ತಂದು ಕೆಜಿಎಫ್‌ನಲ್ಲಿ ಡೋಜರ್ ತಯಾರಿಸಿತಲ್ಲ, ಅದನ್ನು ಮೇಸ್ತ್ರಿ ಹೇಳುವಾಗ ಕೊಮಾಟ್ಸುವಿನವರು ಇವರ ಮನೆಗೇ ಬಂದು ಮುದ್ದೆ ಉಂಡು ಹೋದಂತಿರುತ್ತದೆ. 2001ರಲ್ಲಿ ಅಲ್ಲಿನ ಚಿನ್ನದ ಗಣಿ ಮುಚ್ಚಿದ್ದಕ್ಕೆ ಅವರ ಸಂತಾಪ ಒಂದೇ ಸಾಲಿನದು: "ಚಿನ್ನ ಮುಗೀತು ಸಾರ್, ಕಬ್ಬಿಣ ಮುಗೀಲಿಲ್ಲ." ಮಾತು ಮಾತಿಗೂ "ನಮ್ಮ ಬೆಮಲ್" ಎನ್ನುವ ಇವರು ಅಲ್ಲಿ ಒಂದು ದಿನವೂ ಕೆಲಸ ಮಾಡಿದವರಲ್ಲ. ಮಾಡಿದ್ದು ಇವರ ಚಿಕ್ಕಪ್ಪನ ಭಾವಮೈದ. ಇವರು ಊಟದ ಕ್ಯಾರಿಯರ್ ಕೊಟ್ಟು ಬರುತ್ತಿದ್ದರು.

ಶತ್ರುಗಳು ಇಬ್ಬರು. ನಮ್ಮಲ್ಲಿ ಹಳದಿ ಬಣ್ಣದ್ದೆಲ್ಲ ಜೆಸಿಬಿ, ಸೊಂಡಿಲು ಇರುವುದೆಲ್ಲ ಹಿಟಾಚಿ. ಇವೆರಡೂ ಬಂದ ಮೇಲೆ ಡೋಜರ್ ಕರೆಯುವವರು ಕಡಿಮೆಯಾದರು. "ಅದು ಕೆರೆಯೋ ಗಾಡಿ, ಇದು ತಳ್ಳೋ ಗಾಡಿ. ಕೆರೆಯೋದನ್ನ ಕೋಳಿನೂ ಮಾಡ್ತದೆ."

ನನ್ನ ಕರ್ಮಕ್ಕೆ ಎರಡು ಎಕರೆ ದಿಬ್ಬ ಇತ್ತು. ಬಾಡಿಗೆಗೆ ಸಿಕ್ಕಿದ್ದು ಕೈಲಿವರ್ ಕ್ಲಚ್ಚಿನ ಹಳೇ ಡೋಜರ್. ಅರ್ಧ ದಿನ ಚೆನ್ನಾಗಿ ತಳ್ಳಿತು. ಮಧ್ಯಾಹ್ನ ಬ್ಲೇಡು ಗಟ್ಟಿ ಮಣ್ಣಿಗೆ ಕೊಟ್ಟರೆ ಇಂಜಿನ್ ಬೊಬ್ಬೆ ಹೊಡೆಯಿತು, ಚೈನು ಮಾತ್ರ ನಿಂತಲ್ಲೇ ನಿಂತಿತು. ಸುಟ್ಟ ವಾಸನೆ. ಆಪರೇಟರ್ ಹುಡುಗ ಫೋನಿನಿಂದ ತಲೆಯೆತ್ತದೆ ತೀರ್ಪು ಕೊಟ್ಟ: "ಕ್ಲಚ್ ಪ್ಲೇಟ್ ಹೋಯ್ತು ಸಾರ್, ಫುಲ್ ಸೆಟ್ ಹಾಕ್ಬೇಕು." ಮೇಸ್ತ್ರಿಗೆ ಹೇಳಿಕಳಿಸಿದೆ.

ಟಿವಿಎಸ್ ಎಕ್ಸೆಲ್ ಮೇಲೆ ಬಂದರು. ಗಾಡಿ ನೋಡಲಿಲ್ಲ, ಟೀ ಬಂತೇ ಎಂದು ನೋಡಿದರು. ಕುಡಿದಾದ ಮೇಲೆ ಸೀಟು ಹತ್ತಿ, ಇಂಜಿನ್ ಆಫ್ ಇರುವಾಗಲೇ ಕ್ಲಚ್ ಲಿವರ್ ತಳ್ಳಿದರು. ಬೆಣ್ಣೆಯಲ್ಲಿ ಚಾಕು ಇಳಿದಂತೆ ಹೋಯಿತು. ಮೆತ್ತಗಿದೆ, ಒಳ್ಳೆಯದೇ ಅಲ್ಲವೇ ಎಂದೆ. ಮುಖ ನೋಡಿದ ರೀತಿಗೆ ನನ್ನ ಡಿಗ್ರಿ ಅಲ್ಲೇ ರದ್ದಾಯಿತು.

"ಸಾರ್, ಇದು ಕಾರ್ ಕ್ಲಚ್ಚಲ್ಲ, ಕಾಲಲ್ಲಿ ಒತ್ತಿ ಬಿಡೋಕೆ. ಇದು ಬಾಗಿಲ ಚಿಲಕ ಇದ್ದಂಗೆ. ತಳ್ತಾ ತಳ್ತಾ ಬಿಗಿಯಾಗ್ಬೇಕು, ನಡುವು ದಾಟಿದ್ಮೇಲೆ ಟಪ್ ಅಂತ ಕೂರ್ಬೇಕು. ಆ ಟಪ್ ಇಲ್ಲ ಅಂದ್ರೆ ಪ್ಲೇಟ್ ಹಿಡೀತಿಲ್ಲ ಅಂತ."

ಆ "ಟಪ್" ಅವರ ಜೀವಮಾನದ ಸಂಗೀತ. ಪ್ಲೇಟು ಸವೆದಂತೆ ಒತ್ತುವ ದೂರ ಹೆಚ್ಚಾಗುತ್ತದೆ, ಒತ್ತಡ ಕಡಿಮೆಯಾಗುತ್ತದೆ. ಅದನ್ನು ಸರಿದೂಗಿಸಲು ಒಳಗೊಂದು ತಿರುಪಿನ ರಿಂಗು, ಅದರ ಅಂಚಿಗೆ ಹಲ್ಲಿನಂತೆ ಕಚ್ಚುಗಳು, ಕಚ್ಚಿಗೆ ಕೂರುವ ಒಂದು ಪಿನ್ನು. ಪಿನ್ನು ಬಿಡಿಸಿ ರಿಂಗನ್ನು ತಿರುಗಿಸಿ ಬಿಗಿ ಮಾಡಬೇಕು, ರಿಪೇರಿ ಅಂದರೆ ಇಷ್ಟೇ. ಇಷ್ಟನ್ನು ಮೇಸ್ತ್ರಿ ಮಾಡಿದ್ದು ಎರಡು ಗಂಟೆ. ಬ್ಲೇಡು ನೆಲಕ್ಕೆ ಇಳಿಸಿದರು, ಗೇರು ನ್ಯೂಟ್ರಲ್ ಮಾಡಿದರು, ಕವರ್ ಬಿಚ್ಚಿದರು. ಪಿನ್ನು ಮೇಲೆ ಬರುವವರೆಗೆ ಕ್ಲಚ್ಚನ್ನು ಕೈಯಲ್ಲೇ ತಿರುಗಿಸಬೇಕು. ತಿರುಗಿಸಿದವನು ಹೆಲ್ಪರ್ ಹುಡುಗ, ಬೈದವರು ಮೇಸ್ತ್ರಿ. ಪಿನ್ನು ಕಂಡಿತು, ಹುಡುಗ ಖುಷಿಯಲ್ಲಿ ಇನ್ನೊಂದಿಷ್ಟು ತಿರುಗಿಸಿದ, ಪಿನ್ನು ಮುಳುಗಿತು. ತಮಿಳು ಶುರುವಾಯಿತು.

"ಒಂದು ಹಲ್ಲು. ಒಂದೇ ಒಂದು ಹಲ್ಲು!" ಇದು ಮೇಸ್ತ್ರಿಯ ಸಿದ್ಧಾಂತ. ಎರಡು ಹಲ್ಲು ಬಿಗಿ ಮಾಡಿದರೆ ಲಿವರ್ ನಡುವು ದಾಟುವುದೇ ಇಲ್ಲ, ಆಪರೇಟರನ ತೋಳು ದಾಟುತ್ತದೆ. ಇದನ್ನು ಹೇಳುವಾಗ ಅವರ ಬಾಯಲ್ಲಿ ಉಳಿದಿರುವ ನಾಲ್ಕು ಹಲ್ಲೂ ಸಾಕ್ಷಿಗೆ ಹೊರಬರುತ್ತವೆ.

ಪಿನ್ನು ಮತ್ತೆ ಮೇಲೆ ಬರುವವರೆಗೆ ಆಪರೇಟರ್ ಹುಡುಗನಿಗೆ ಪರೀಕ್ಷೆ ನಡೆಯಿತು. ಪ್ರಶ್ನೆ ಊರಿಗೆಲ್ಲ ಗೊತ್ತು, ಉತ್ತರ ಯಾರಿಗೂ ನೆನಪಿರುವುದಿಲ್ಲ: ಇಳಿಜಾರಿನಲ್ಲಿ ಇಂಜಿನ್ ಹಿಡಿತದಲ್ಲಿ ಇಳಿಯುವಾಗ ಎಡಗಡೆ ಸ್ಟೇರಿಂಗ್ ಲಿವರ್ ಎಳೆದರೆ ಗಾಡಿ ಯಾವ ಕಡೆ ತಿರುಗುತ್ತದೆ? ಹುಡುಗ "ಎಡಕ್ಕೆ" ಅಂದ. ತಪ್ಪು. ಸಮನೆಲದಲ್ಲಿ ಸರಿ, ಎಡ ಚೈನಿಗೆ ಶಕ್ತಿ ತಪ್ಪುತ್ತದೆ, ಬಲದ್ದು ತಳ್ಳುತ್ತದೆ. ಇಳಿಜಾರಿನಲ್ಲಿ ಇಂಜಿನ್ ಎರಡೂ ಚೈನನ್ನು ಹಿಂದಕ್ಕೆ ಹಿಡಿದಿರುತ್ತದೆ. ಎಡದ ಸ್ಟೇರಿಂಗ್ ಕ್ಲಚ್ ಬಿಟ್ಟರೆ ಎಡ ಚೈನು ಕಟ್ಟು ಬಿಚ್ಚಿದ ಹೋರಿಯಂತೆ ಮುಂದೋಡುತ್ತದೆ, ಗಾಡಿ ಬಲಕ್ಕೆ ತಿರುಗುತ್ತದೆ. ಇದೇ ಪ್ರಶ್ನೆಯನ್ನು ಮಗಳನ್ನು ನೋಡಲು ಬಂದ ಗಂಡಿಗೂ ಕೇಳಿದ್ದರಂತೆ. ಅವನೂ ಉಪ್ಪಿಟ್ಟು ನುಂಗುತ್ತ "ಎಡಕ್ಕೆ" ಅಂದ. ಮೇಸ್ತ್ರಿ ಆಗಲೇ ಎದ್ದಿದ್ದರು. ಸಂಬಂಧ ಉಳಿದದ್ದು ಅವರ ಮನೆಯಾಕೆಯ ಬ್ರೇಕಿನಿಂದ. ಈಗ ಆ ಅಳಿಯ ನರಸಾಪುರದ ಕಡೆ ಕಾರ್ಖಾನೆ ಕೆಲಸಕ್ಕೆ ಗೇರಿಲ್ಲದ ಸ್ಕೂಟರಿನಲ್ಲಿ ಹೋಗುತ್ತಾನೆ. "ಕ್ಲಚ್ ಹಿಡಿಯದ ಕೈಗೆ ಮಗಳನ್ನ ಕೊಟ್ಟೆ" ಎಂಬುದು ಮಾವನ ನಿತ್ಯದ ಕೊರಗು. ಅವರ ಎಕ್ಸೆಲ್‌ಗೂ ಹಿಡಿಯುವ ಕ್ಲಚ್ ಇಲ್ಲ ಎಂದು ಎದುರಿಗೆ ಹೇಳಿದವನನ್ನು ನಾನಿನ್ನೂ ಕಂಡಿಲ್ಲ. ನಾನೂ ಹೇಳಲಿಲ್ಲ, ದಿಬ್ಬ ಬಾಕಿ ಇತ್ತು.

ನಮ್ಮ ನಾಡಿನಲ್ಲಿ ಎಲ್ಲ ಸಮಸ್ಯೆಗೂ ಒಂದೇ ಮಂತ್ರವಿದೆಯಲ್ಲ, "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ". ಇಡೀ ಊರಿನಲ್ಲಿ ಆ ಮಂತ್ರಕ್ಕೆ ಬಗ್ಗದವರು, ಅಡ್ಜಸ್ಟ್ ಮಾಡುವುದನ್ನೇ ಹೊಟ್ಟೆಪಾಡು ಮಾಡಿಕೊಂಡ ಇವರೊಬ್ಬರೇ. ಮುಳಬಾಗಿಲು ಬಸ್ಸಿನಲ್ಲಿ ಮೂವರ ಸೀಟಿಗೆ ನಾಲ್ಕನೆಯವನಾಗಿ ಒಬ್ಬ ಬಂದು, ಅಣ್ಣ ಒಂಚೂರು ಅಡ್ಜಸ್ಟ್ ಆಗಿ ಅಂದನಂತೆ. "ನಾನೇನು ಕ್ಲಚ್ಚಾ?" ಎಂದು ಕೇಳಿ ಅವನನ್ನು ದೇವರಾಯಸಮುದ್ರದವರೆಗೂ ನಿಲ್ಲಿಸಿದರು.

ಕೊನೆಗೆ ಪಿನ್ನು ಸಿಕ್ಕಿತು. ಒಂದು ಹಲ್ಲು ತಿರುಗಿತು. ಕೈ ಒರೆಸಿಕೊಂಡು ಲಿವರ್ ತಳ್ಳಿದರು: ಬಿಗಿ, ಬಿಗಿ, ಟಪ್! ಮೇಸ್ತ್ರಿ ಕಣ್ಣು ಮುಚ್ಚಿದರು. ತೃಪ್ತಿಯಾಗಲಿಲ್ಲ, ಇನ್ನೂ ಒಂದು ಪರೀಕ್ಷೆ. ಕವರ್ ಹಾಕಿ, ಬ್ಲೇಡನ್ನು ದಿಬ್ಬಕ್ಕೆ ಆನಿಸಿ, ಮೇಲಿನ ಗೇರಿಗೆ ಹಾಕಿ ಕ್ಲಚ್ ಕೊಡಿಸಿದರು. ಇಂಜಿನ್ ಮುಕ್ಕರಿಸಿತು, ಕುಗ್ಗಿತು, ಆಫ್ ಆಯಿತು. ನನಗೆ ಎದೆ ಧಸಕ್ಕೆಂದಿತು. ಮೇಸ್ತ್ರಿ ಚಪ್ಪಾಳೆ ತಟ್ಟಿದರು. ಕ್ಲಚ್ ಜಾರಿದ್ದರೆ ಇಂಜಿನ್ ಓಡುತ್ತಲೇ ಇರುತ್ತಿತ್ತು. ಆಫ್ ಆದದ್ದೇ ಪಾಸಾದದ್ದಕ್ಕೆ ಗುರುತು.

ಎಷ್ಟಾಯಿತು ಎಂದೆ.

"ಸಾವಿರ."

"ಮೇಸ್ತ್ರಿ, ತಿರುಗಿಸಿದ್ದು ಒಂದು ಹಲ್ಲು. ಸ್ವಲ್ಪ ಅಡ್ಜಸ್ಟ್..." ಅಂದೆ, ಅನ್ನಬಾರದಿತ್ತು.

ಅರ್ಧ ಬೀಡಿ ಕಿವಿಯಿಂದ ಇಳಿಯಿತು, ಹೊತ್ತಿತು. ಸಾವಿರವನ್ನೇ ಕೊಟ್ಟೆ. ಹೋದ ವರ್ಷ ಮುಳಬಾಗಿಲಿನಲ್ಲಿ ನನ್ನ ದವಡೆ ಹಲ್ಲು ಕೀಳಿಸಿದ್ದಕ್ಕೆ ಆದದ್ದು ಐನೂರು.