ನೀರು ಸಾಕುವ ಭಾವ

ನಮ್ಮ ಭಾವನ ಕಾರು ಬೆಂಗಳೂರಿನ ಬಿಸಿಲು ಮಳೆಗೆ ಮೈಯೊಡ್ಡಿಕೊಂಡು ಬೀದಿಯಲ್ಲಿ ನಿಂತಿರುತ್ತದೆ. ಅದಕ್ಕೆಂದು ಕಟ್ಟಿಸಿದ ಶೆಡ್ಡಿನಲ್ಲಿ ಮೀನುಗಳಿವೆ. ಮೀನುಗಳು ಮೊದಲು ಹೋಗಬೇಕಿದ್ದದ್ದು ಮಹಡಿಯ ಕೋಣೆಗೆ. ಲೀಟರ್ ನೀರು ಒಂದು ಕಿಲೋ ತೂಗುತ್ತದೆ; 100 ಲೀಟರಿನ 14 ತೊಟ್ಟಿಯೆಂದರೆ ಬರೀ ನೀರೇ 1400 ಕಿಲೋ, ಗಾಜು ಮತ್ತು ಕಬ್ಬಿಣದ ಸ್ಟ್ಯಾಂಡು ಬೇರೆ. ಈ ಲೆಕ್ಕ ಕೇಳಿದ ಅಕ್ಕ ಒಮ್ಮೆ ತಲೆಯೆತ್ತಿ ಸೂರು ನೋಡಿದಳು. "ಕಾರು ನೆಂದ್ರೆ ಒಣಗುತ್ತೆ ಬಿಡಿ" ಎಂದಳು.

ಭಾವ ಬ್ಯಾಂಕ್ ಮ್ಯಾನೇಜರಾಗಿ ನಿವೃತ್ತರಾದವರು. ಇಂಥವರು ಈಗ ಬಡಾವಣೆಗೊಬ್ಬರಿದ್ದಾರೆ. ಜೇಬಿನಲ್ಲಿ ಕನ್ನಡಕದ ಪಕ್ಕ, ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಇರುತ್ತದೆ. ಮದುವೆಮನೆಯಲ್ಲಿ ಎಲೆಯ ಮುಂದೆ ನೀರಿನ ಲೋಟ ಇಟ್ಟರೆ ಮೊದಲು ಮೀಟರ್ ಮುಳುಗುತ್ತದೆ, ಆಮೇಲೆ ಭಾವ ಕುಡಿಯುತ್ತಾರೆ. "ಮೀನು ಸಾಕೋದು ಮಕ್ಕಳಾಟ ಕಣಯ್ಯಾ, ನಾನು ಸಾಕೋದು ನೀರನ್ನ" ಎನ್ನುತ್ತಾರೆ.

ಇದು ಬರೀ ಮಾತಲ್ಲ. ಮೊದಲ ತೊಟ್ಟಿ ತುಂಬಿಸಿದಾಗ ಆರು ವಾರ ಅದರಲ್ಲಿ ಒಂದೂ ಮೀನಿರಲಿಲ್ಲ. ಭಾವ ಮಾತ್ರ ದಿನಾ ಬೆಳಿಗ್ಗೆ ಸ್ನಾನ ಮುಗಿಸಿ ಆ ಖಾಲಿ ನೀರಿಗೆ ಚಿಟಿಕೆ ಆಹಾರ ಉದುರಿಸುತ್ತಿದ್ದರು. ಕಾಗೆಗೆ ಅನ್ನವಿಟ್ಟವರಂತೆ ಎರಡು ಹೆಜ್ಜೆ ಹಿಂದೆ ಸರಿದು ಕಾಯುತ್ತಿದ್ದರು. ಆಹಾರ ಕೊಳೆತು ಅಮೋನಿಯಾ ಆಗಬೇಕು, ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡಬೇಕು, ಇನ್ನೊಂದು ಬಗೆಯದು ಅಷ್ಟೇನೂ ಕೇಡಿಲ್ಲದ ನೈಟ್ರೇಟ್ ಮಾಡಬೇಕು. ಈ ಸಂಸಾರ ನೆಲೆಗೊಂಡ ಮೇಲೇ ಮೀನಿನ ಗೃಹಪ್ರವೇಶ. ಬಂದ ನೆಂಟರು "ಮೀನೆಲ್ಲಿ?" ಎಂದರೆ, ಭಾವ "ಬ್ಯಾಕ್ಟೀರಿಯಾ ಬಂದಿವೆ, ನೋಡಿ" ಎಂದು ಕೈತೋರುತ್ತಿದ್ದರು. ನೆಂಟರು ನೋಡುತ್ತಿದ್ದರು, ಪಾಪ.

ಮಡಿಯ ವಿಷಯಕ್ಕೆ ಬಂದರೆ, ತಮ್ಮ ತಾಯಿ ಮಡಿ ಮಡಿ ಎನ್ನುವಾಗ ಗೇಲಿ ಮಾಡುತ್ತಿದ್ದವರು ಇದೇ ಭಾವ. ಈಗ ಹೊಸ ಮೀನು ಬಂದರೆ ನಾಲ್ಕು ವಾರ ಮೂಲೆಯ ತೊಟ್ಟಿಯಲ್ಲಿ ಬೇರೆ ಕೂರಬೇಕು. ಅದರ ಬಲೆಯನ್ನು ಬೇರೆ ತೊಟ್ಟಿಗೆ ಮುಟ್ಟಿಸುವಂತಿಲ್ಲ, ಮುಟ್ಟಿದವರು ಕೈ ತೊಳೆಯದೆ ಒಳಗೆ ಬರುವಂತಿಲ್ಲ.

ಮನೆಗೆ ಮೂರು ಬಗೆಯ ನೀರು. ಗಡಸಾದ ಬೋರ್‌ವೆಲ್ ನೀರು ಆಫ್ರಿಕದ ಮಲಾವಿ ಸರೋವರದ ಸಿಕ್ಲಿಡ್‌ಗಳಿಗೆ. ಆರ್‌ಓ ಯಂತ್ರದ ಮೆದು ನೀರು ಅಮೆಜಾನ್ ಮೂಲದ ಡಿಸ್ಕಸ್‌ಗೆ. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ಹರಿದು, ಸುಮಾರು 500 ಮೀಟರ್ ಎತ್ತರಕ್ಕೆ ಏರಿ ಬರುವ ಕಾವೇರಿ ನೀಲಿ ಡ್ರಮ್ಮಿಗೆ. ಅಲ್ಲಿ ರಾತ್ರಿಯಿಡೀ ಗುಳುಗುಳು ಗಾಳಿ ಹಾಯಿಸಿ ಕ್ಲೋರಿನ್ ಓಡಿಸುವುದು. "ನಮ್ಗೆ ಯಾವ್ದು?" ಎಂದು ಅಕ್ಕ ಕೇಳಿದಳು. ಭಾವ ಯೋಚಿಸಿ ಹೇಳಿದರು: "ಟ್ಯಾಂಕರ್ ಕರೆಸೋಣ."

ಪೈಪಿನ ಕಥೆಯೇ ಬೇರೆ. ಮೂವತ್ತು ವರ್ಷ ಯೂನಿಯನ್ ಎಂದರೆ ಉರಿದು ಬೀಳುತ್ತಿದ್ದ ಮ್ಯಾನೇಜರು, ಈಗ ಹಾರ್ಡ್‌ವೇರ್ ಅಂಗಡಿಯ ಹುಡುಗನಿಗೆ "ಯೂನಿಯನ್ ಇಲ್ದೆ ಏನೂ ನಡಿಯಲ್ಲಪ್ಪಾ" ಎಂದು ಬೋಧಿಸುತ್ತಾರೆ. ಪೈಪ್ ಕೊಯ್ಯದೆ, ಕೈಯಲ್ಲೇ ತಿರುಗಿಸಿ ಪಂಪನ್ನು ಬಿಡಿಸಿಕೊಳ್ಳುವ ಜೋಡಣೆ ಅದು. ಮಲಾವಿ ಸಾಲಿನ ನೀರೆಲ್ಲ ಕೆಳಗಿನ ದೊಡ್ಡ ತೊಟ್ಟಿಗೆ, ಅಂದರೆ ಸಂಪ್‌ಗೆ ಇಳಿದು, ಸೋಸಿಕೊಂಡು, ಪಂಪಿನಿಂದ ಮತ್ತೆ ಮೇಲೇರುತ್ತದೆ. ಅಂದವಾಗಿಯೇ ಏರುತ್ತಿತ್ತು, ಒಂದು ರಾತ್ರಿ ಕರೆಂಟು ಹೋಗುವ ತನಕ. ಪಂಪ್ ನಿಂತಿತು, ಸೈಫನ್ ನಿಲ್ಲಲಿಲ್ಲ. ಮೇಲೆತ್ತಿದ ಪೈಪಿನಲ್ಲೇ ನೀರು ಹಿಂದಕ್ಕೆ ಇಳಿಯಿತು. ಸಂಪ್ ಮೊದಲೇ ಕಂಠಮಟ್ಟ ತುಂಬಿತ್ತು. ಬೆಳಿಗ್ಗೆ ಅಕ್ಕ ರಂಗೋಲಿ ಡಬ್ಬಿ ಹಿಡಿದು ಬಾಗಿಲು ತೆಗೆದರೆ ಅಂಗಳ ಆಗಲೇ ಸಾರಿಸಿದಂತಿತ್ತು.

ಅಂದಿನಿಂದ ಸಂಪ್ ಅರ್ಧವೇ ತುಂಬುತ್ತದೆ. ಪೈಪಿನಲ್ಲಿ ನೀರಿನ ಮಟ್ಟಕ್ಕೆ ಸ್ವಲ್ಪ ಕೆಳಗೆ ಒಂದು ಸಣ್ಣ ತೂತಿದೆ. ನೀರು ಅಲ್ಲಿಗೆ ಇಳಿದ ಕೂಡಲೇ ತೂತಿನಿಂದ ಗಾಳಿ ನುಗ್ಗಿ ಸೈಫನ್ ಕಡಿಯುತ್ತದೆ. ಬಂದವರೆಲ್ಲ ಆ ತೂತಿನ ದರ್ಶನ ಪಡೆದೇ ಹೋಗಬೇಕು. ಮೀನು ನೋಡುವುದು ಅವರವರ ಇಷ್ಟ.

ವಾರಕ್ಕೆ 400 ಲೀಟರ್ ನೀರು ಬದಲಿಸಿ ಸೊಂಟ ಹಿಡಿದ ಮೇಲೆ ಹೊಸ ಯೋಜನೆ ಹುಟ್ಟಿತು. ಸಣ್ಣ ಕೊಳವೆಗಳಿಂದ ತೊಟ್ಟಿತೊಟ್ಟಿಗೂ ಹಗಲಿರುಳು ಹನಿಹನಿ ಹೊಸ ನೀರು. ಹೆಚ್ಚಾದದ್ದು ತಾನಾಗಿ ಕರಿಬೇವಿನ ಗಿಡಕ್ಕೆ. ಭಾವ ನಕ್ಷೆ ಬಿಡಿಸಿ ಖರ್ಚಿನ ಪಟ್ಟಿ ಮುಂದಿಟ್ಟರು.

ಅಕ್ಕ ಓದಿ ಹೇಳಿದಳು: "ರೀ, ಹಿತ್ತಲ ನಲ್ಲಿ ಆರು ವರ್ಷದಿಂದ ಪುಕ್ಕಟೆ ತೊಟ್ಟಿಕ್ತಿದೆ. ವಾಷರ್ ಹಾಕಿಸಿ ಅಂತ ಅವತ್ತಿಂದ ಹೇಳ್ತಿದೀನಿ."

ಆ ನಲ್ಲಿಯ ಕೆಳಗೆ ಅತ್ತೆಯ ಕಾಲದ ಒರಳುಕಲ್ಲು. ಹನಿ ಬಿದ್ದು ಅದು ಸದಾ ತುಂಬಿ ಚೆಲ್ಲುತ್ತಿತ್ತು. ಸೊಳ್ಳೆಯಾಗುತ್ತವೆಂದು ಅಕ್ಕ ಎಂದೋ ಎರಡು ಗಪ್ಪಿ ಮೀನು ಬಿಟ್ಟಿದ್ದಳು, ಚೆಂದಕ್ಕೆಂದು ಮನಿಪ್ಲಾಂಟಿನ ಬಳ್ಳಿಯೊಂದನ್ನು ಇಳಿಬಿಟ್ಟಿದ್ದಳು. ಭಾವ ಆರು ವರ್ಷದಲ್ಲಿ ಮೊದಲ ಸಲ ಅದರೊಳಗೆ ಇಣುಕಿದರು. ಎರಡಿದ್ದದ್ದು ಲೆಕ್ಕಕ್ಕೆ ಸಿಗದಷ್ಟಾಗಿದ್ದವು. ಮೀಟರ್ ಬಂತು, ಪರೀಕ್ಷೆಯ ಸೀಸೆಗಳು ಬಂದವು. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟನ್ನು ಬಳ್ಳಿಯೇ ಕುಡಿದಿತ್ತು. ಭಾವ ತುಂಬ ಹೊತ್ತು ಮಾತಾಡಲಿಲ್ಲ.

ಮರುದಿನ ಪ್ಲಂಬರ್ ಬಂದ. ಅಕ್ಕನೇ ಕರೆಸಿದ್ದಳು. ಭಾವ ಹಿತ್ತಲ ಬಾಗಿಲಿಗೆ ಅಡ್ಡ ನಿಂತರು.

"ಆ ನಲ್ಲಿ ಮುಟ್ಟಬೇಡಪ್ಪಾ. ಅದು ಸಿಸ್ಟಮ್ಮು."