ಏಲಕ್ಕಿ ಬಾಕಿ

ಬೇಲಿಯಾಚೆ ನಮ್ಮ ಶೆಟ್ಟರು ಅಟ್ಟ ಖಾಲಿ ಮಾಡಿಸುತ್ತಿದ್ದಾರೆ. ಅಜ್ಜನ ಕಾಲದ ಕಿರ್ದಿ, ಖಾತೆ ಪುಸ್ತಕ, ಮಂಗಳೂರಿನ ಮಂಡಿಯವರು ಬರೆದ ಕಾಗದ ಎಲ್ಲ ಒಂದೇ ಟ್ರಂಕಿನಲ್ಲಿ. ನಮ್ಮೂರು ಹಾನುಬಾಳಿನ ಮಳೆಗೆ ಕಬ್ಬಿಣದ ಬೀರುವೇ ತುಕ್ಕು ಹಿಡಿಯುತ್ತದೆ, ಇನ್ನು ಕಾಗದದ ಪಾಡೇನು! ಮೇಲಿನ ಪುಸ್ತಕಕ್ಕೆ ಬೂಷ್ಟು, ತಳದ್ದಕ್ಕೆ ಗೆದ್ದಲು, ನಡುವಿನವು ಹೇಗೋ ಬಚಾವಾಗಿವೆ. ಒಂದನ್ನು ಬಿಚ್ಚಿದೆ. ನೆತ್ತಿಗೆ ‘ಶ್ರೀ’, ಮೂಲೆಗೆ ಅರಿಶಿನ, ಕೆಳಗೆ ಸಾಲಾಗಿ ಹೆಸರು, ಏಲಕ್ಕಿಗೆ ಕೊಟ್ಟ ಮುಂಗಡ, ಬಾಕಿ.

“ಶೆಟ್ರೇ, ಇಷ್ಟನ್ನೂ ಸ್ಕ್ಯಾನ್ ಮಾಡಿಸಿಡಿ” ಅಂದೆ.

“ಸುಮ್ನಿರಿ ಮೇಷ್ಟ್ರೇ. ಯಾರಜ್ಜ ಎಷ್ಟು ಮುಳುಗಿಸಿದ ಅನ್ನೋದು ಊರೋರ ಮೊಬೈಲಿಗೆಲ್ಲ ಬಂದ್ರೆ ಸಂತೆಗೆ ಹೋಗೋದು ಹೆಂಗೆ? ಇದ್ರಲ್ಲಿ ನಮ್ಮ ಬೀಗರ ಮನೇದೂ ಇದೆ.”

ಅವರಿಗೆ ಅಬ್ರಹಾಂ ಬೆನ್ ಯಿಜುವಿನ ಕತೆ ಹೇಳಿದೆ. 1132ರಿಂದ 1149ರವರೆಗಿನ ಕಾಲದಲ್ಲಿ ಮಂಗಳೂರಲ್ಲಿದ್ದು ವ್ಯಾಪಾರ ಮಾಡಿದ ಯಹೂದಿ. ಮೆಣಸು, ಅಡಿಕೆ, ಏಲಕ್ಕಿ, ಕಬ್ಬಿಣ ಹಡಗಿಗೆ ಹಾಕಿ ಏಡನ್‌ಗೆ ಕಳಿಸುವವನು. ಅಲ್ಲಿನ ಸ್ನೇಹಿತರು ಅವನಿಗೆ ಬರೆಯೋ ಕಾಗದವನ್ನೂ ಕಳಿಸುತ್ತಿದ್ದರು. ಆಸಾಮಿ ಒಂದು ಚೂರೂ ಪೋಲು ಮಾಡಿದವನಲ್ಲ, ಬಂದ ಪತ್ರದ ಬೆನ್ನಿಗೇ ತನ್ನ ಲೆಕ್ಕ ಗೀಚುತ್ತಿದ್ದ. ಮಂಗಳೂರು ಬಿಡುವಾಗ ಆ ಕಟ್ಟು ಹೊತ್ತುಕೊಂಡೇ ಹೋದ. ದೇವರ ಹೆಸರಿರಬಹುದಾದ ಬರಹವನ್ನು ಹಾಳುಮಾಡಬಾರದೆಂಬುದು ಯಹೂದಿಗಳ ಪದ್ಧತಿ. ಹಾಗಾಗಿ ಅವು ಕೈರೋದ ಬೆನ್ ಎಜ್ರಾ ಸಿನಗಾಗಿನ ಹಳೆ ಕಾಗದದ ಕೋಣೆ ಸೇರಿದವು. ಆ ರಾಶಿಯ ಬಹುಪಾಲನ್ನು 1897ರ ಹೊತ್ತಿಗೆ ಸಾಲೊಮನ್ ಶೆಕ್ಟರ್ ಎಂಬ ವಿದ್ವಾಂಸ ಕೇಂಬ್ರಿಜ್‌ಗೆ ಸಾಗಿಸಿದ. ಈಗ ಯಾರು ಬೇಕಾದರೂ ಕಂಪ್ಯೂಟರಿನಲ್ಲಿ ನೋಡಬಹುದು. ನಾವೂ ಕಾಗದಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುತ್ತೇವೆ. ಆಮೇಲೆ ಅದನ್ನೇ ಬಚ್ಚಲ ಒಲೆಗೆ ಹಾಕುತ್ತೇವೆ, ಆ ಮಾತು ಬೇರೆ!

ಆ ಪತ್ರಗಳಲ್ಲಿ ಏನಿದೆ ಗೊತ್ತೇ? ಏಲಕ್ಕಿ ಕೊಡುತ್ತೇನೆಂದು ಮುಂಗಡ ಇಸಕೊಂಡು ಕೈಯೆತ್ತಿದ ಈ ಕಡೆಯ ಒಬ್ಬ ವ್ಯಾಪಾರಿಯ ಮೇಲೆ ಏಡನ್ನಿನವರ ಶಾಪ.

ಶೆಟ್ಟರು ಬೇಲಿ ಹಿಡಿದು ನಕ್ಕರು. “ಒಂಬೈನೂರು ವರ್ಷ ಆಗ್ತಾ ಬಂತು, ಇನ್ನೂ ಬಾಕಿನಾ?”

ಬಾಕಿಯೇ ಸ್ವಾಮಿ. ಆದರೆ ಅದರಿಂದಲೇ ಅಲ್ಲವೇ ಆ ಕಾಲದ ಮಂಗಳೂರಿನ ವ್ಯವಹಾರ ನಮಗೆ ತಿಳಿದದ್ದು? ಸನ್ಮಾನ ಪತ್ರಕ್ಕೆ ಕಟ್ಟು ಹಾಕಿಸುತ್ತೇವೆ, ಅದರಲ್ಲಿರುವುದು ಬರೀ ಹೊಗಳಿಕೆ. ಯಾವ ತಿಂಗಳು ಏಲಕ್ಕಿಗೆ ಏನು ಧಾರಣೆ, ಘಾಟಿ ಇಳಿಯುವ ಗಾಡಿಗೆ ಎಷ್ಟು ಬಾಡಿಗೆ, ಇವೆಲ್ಲ ಸಿಗುವುದು ಸಾಲದ ಪುಟದಲ್ಲೇ.

ಕೊನೆಗೆ ಒಂದು ರಾಜಿಯಾಯಿತು. ಸ್ಕ್ಯಾನ್ ಮಾಡಿಸುವುದು, ಊರಿಗೆ ಹಂಚದಿರುವುದು. ಹೆಸರುಗಳನ್ನು ಮೊಮ್ಮಕ್ಕಳ ಕಾಲಕ್ಕೆ ಬಿಡುವುದು.

ನಿಮ್ಮ ಅಟ್ಟದಲ್ಲೂ ಇಂಥ ಟ್ರಂಕಿದ್ದರೆ ಮಳೆ ಹಿಡಿಯುವ ಮುಂಚೆ ಇಳಿಸಿ. ಕಟ್ಟು ಇದ್ದ ಹಾಗೇ ಇರಲಿ, ಅನುಕ್ರಮ ಕೆಡಿಸಬೇಡಿ. ಹರಿದದ್ದಕ್ಕೆ ಟೇಪ್ ಬೇಡ, ಲ್ಯಾಮಿನೇಷನ್ನಂತೂ ಬೇಡವೇ ಬೇಡ. ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ನೇರ ಮೇಲಿಂದ ಪುಟಪುಟವೂ ತೆಗೆದು ಎರಡು ಕಡೆ ಇಡಿ. ಫೋಟೋ ಆಯಿತೆಂದು ಮೂಲ ಪುಸ್ತಕವನ್ನು ಮಾತ್ರ ಗುಜರಿಗೆ ಹಾಕಬೇಡಿ.