ಸ್ಲ್ಯಾಬಿನ ಕೆಳಗೂ ಒಮ್ಮೆ ಬಗ್ಗಿ ನೋಡಿ, ಸ್ವಾಮಿ

ನಮ್ಮ ಅಡುಗೆಮನೆಗೆ ನಕ್ಷೆ ಹಾಕಿಕೊಟ್ಟ ಡಿಸೈನರ್ ಮಹಾಶಯರಿಗೆ,

ನೀವು ಲ್ಯಾಪ್‌ಟಾಪಿನಲ್ಲಿ ತೋರಿಸಿದ ತ್ರೀಡಿ ಚಿತ್ರವನ್ನು ಈಗಲೂ ಆಗಾಗ ತೆಗೆದು ನೋಡುತ್ತಿರುತ್ತೇನೆ. ಎಂಥ ಅಡುಗೆಮನೆ ಅದು! ಕಪ್ಪು ಗ್ರಾನೈಟಿನ ಮೇಲೊಂದು ಹೂದಾನಿ, ಬಟ್ಟಲಲ್ಲಿ ಹಸಿರು ಸೇಬು, ಅಂಚೇ ಕಾಣದಂತೆ ಕಲ್ಲಿನೊಳಗೆ ಇಳಿದ ಅಂಡರ್‌ಮೌಂಟ್ ಸಿಂಕು. ಸಿಂಕಿನಲ್ಲಿ ಒಂದೇ ಒಂದು ಮುಸುರೆ ಪಾತ್ರೆಯಿಲ್ಲ. ಕುಕ್ಕರಿಲ್ಲ, ಇಡ್ಲಿ ತಟ್ಟೆಯಿಲ್ಲ, ತಳ ಹಿಡಿದ ಹಾಲಿನ ಪಾತ್ರೆಯಿಲ್ಲ. ಆ ಮನೆಯಲ್ಲಿ ಯಾರೂ ಉಣ್ಣುವುದಿಲ್ಲವೆಂದು ಕಾಣುತ್ತದೆ. ಹಾಗಾಗಿ ನೀರು ಎಲ್ಲಿಂದ ಹೊರಗೆ ಹೋಗಬೇಕು ಎಂಬ ಪ್ರಶ್ನೆಯೂ ಅಲ್ಲಿ ಏಳುವುದಿಲ್ಲ.

ನಮ್ಮ ಬೆಂಗಳೂರಿನ ಫ್ಲ್ಯಾಟಿನಲ್ಲಿ ಏಳುತ್ತದೆ, ಅದಕ್ಕೇ ಈ ಪತ್ರ.

ನಕ್ಷೆಯ ಪ್ರಕಾರ ಕ್ಯಾಬಿನೆಟ್ಟಿನ ಅಗಲ 600 ಮಿ.ಮೀ., ಸಿಂಕು 24×18 ಇಂಚು. 24 ಇಂಚು ಎಂದರೆ 610 ಮಿ.ಮೀ. ಎಂಬ ಚಿಲ್ಲರೆ ಲೆಕ್ಕಕ್ಕೆ ತಾವು ಇಳಿಯಲಿಲ್ಲ. ಪಕ್ಕದ ಎರಡು ಪ್ಲೈವುಡ್ ಹಲಗೆಗಳೂ ತಲಾ 18 ಮಿ.ಮೀ. ಜಾಗ ತಿನ್ನುತ್ತವೆ, ಒಳಗೆ ಉಳಿಯುವುದು 564. ಸ್ಲ್ಯಾಬಿನ ಮೇಲೆ ಅಂಚೂರಿ ಕೂರುವ ಹಳೇ ಮಾದರಿಯ ಸಿಂಕಾಗಿದ್ದರೆ ತೊಟ್ಟಿಯಷ್ಟೇ ಒಳಗಿಳಿದು, ಅಂಚು ಮೇಲುಳಿದು, ಹೇಗೋ ಸುಧಾರಿಸಿಕೊಳ್ಳಬಹುದಿತ್ತು. ಅಂಡರ್‌ಮೌಂಟಿನಲ್ಲಿ ಅಂಚಿಗೂ ಕಲ್ಲಿನ ಕೆಳಗೇ ಜಾಗ ಬೇಕು. ಪಕ್ಕದ ಹಲಗೆಗಳನ್ನು ಕೊರೆದರೆ ಕೂರಿಸಬಹುದು, ನಿಜ. ಆದರೆ ಕೊರೆದ ಪ್ಲೈವುಡ್ಡಿನ ಬಾಯಿ ನೀರು ಕುಡಿಯಲು ಕಾದಿರುತ್ತದೆ. ಪ್ಲಂಬರು ಒಮ್ಮೆ ಒಳಗೆ ಇಣುಕಿ ಹೇಳಿದರು: "ಅಮ್ಮಾ, ಒಳಗೆ ಹೋಗೋದೇನೋ ಹೋಗುತ್ತೆ. ನಾಳೆ ಈಚೆ ಬರಲ್ಲ." ಸ್ಲ್ಯಾಬು ಕೂತಮೇಲೆ ಈ ಸಿಂಕನ್ನು ತೆಗೆಯಬೇಕೆಂದರೆ ಕೆಳಗಿನಿಂದ, ಕ್ಯಾಬಿನೆಟ್ಟಿನ ಬಾಗಿಲಿನಿಂದಲೇ ತೆಗೆಯಬೇಕು. ಬಾಗಿಲು ಸಿಂಕಿಗಿಂತ ಕಿರಿದು. ಇಷ್ಟು ಶಾಶ್ವತವಾದ ನಂಟು ಈ ಕಾಲದಲ್ಲಿ ಅಪರೂಪ.

ಆಳದ ವಿಷಯದಲ್ಲೂ ತಾವು ಧಾರಾಳಿ. 10 ಇಂಚು! ಮೇಲೆ ಕೂರುವ ಸಿಂಕಿಗಿಂತ ಇದು ಕಲ್ಲಿನ ದಪ್ಪದಷ್ಟು, ಅಂದರೆ ಸುಮಾರು 20 ಮಿ.ಮೀ., ಇನ್ನೂ ಕೆಳಗೆ ಹೋಗುತ್ತದೆ. 34 ಇಂಚು ಎತ್ತರದ ಸ್ಲ್ಯಾಬಿನಿಂದ ಇವನ್ನೆಲ್ಲ ಕಳೆದರೆ ಸಿಂಕಿನ ತಳ ನೆಲದಿಂದ 23 ಇಂಚಿಗೆ ಬಂತು. ಅದರಡಿ ವೇಸ್ಟ್ ಕಪ್ಲಿಂಗ್, ಅದರಡಿ ಬಾಟಲ್ ಟ್ರ್ಯಾಪ್. ಬಿಲ್ಡರು ಗೋಡೆಯಲ್ಲಿ ಔಟ್‌ಲೆಟ್ ಬಿಟ್ಟಿರುವುದು 20 ಇಂಚಿಗೆ, ಟ್ರ್ಯಾಪಿನ ಬಾಯಿಗಿಂತ ಮೇಲೆ. ಪಾತ್ರೆ ತೊಳೆದ ನೀರು ಟ್ರ್ಯಾಪಿನಿಂದ ಗೋಡೆಗೆ ಏರಿ ಹೋಗಬೇಕು. ಕಾವೇರಿ ನೀರಲ್ಲವೇ, ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ಏರಿಕೊಂಡೇ ಬಂದದ್ದು, ಇನ್ನೊಂದೆರಡು ಇಂಚು ಏರೀತು ಎಂದು ತಾವು ಎಣಿಸಿರಬಹುದು. ಅಲ್ಲಿ ಪಂಪುಗಳಿವೆ ಸ್ವಾಮಿ.

ಅಂಗಡಿಯವರೂ ತಮ್ಮ ಗರಡಿಯವರೇ ಇರಬೇಕು. "304 ಗ್ರೇಡ್ ಮೇಡಂ, ನೋಡಿ" ಎಂದು ಜೇಬಿನಿಂದ ಅಯಸ್ಕಾಂತ ತೆಗೆದು ಸಿಂಕಿಗೆ ಹಿಡಿದರು. ಅಂಟಲಿಲ್ಲ. ಚಪ್ಪಾಳೆ ತಟ್ಟಿ ಎನ್ನುವಂತಿತ್ತು ಅವರ ಮುಖ. ಅಗ್ಗದ 202 ಸ್ಟೀಲಿಗೂ ಅಯಸ್ಕಾಂತ ಹೆಚ್ಚುಕಡಿಮೆ ಹೀಗೆಯೇ ಅಂಟುವುದಿಲ್ಲ. ಅದರಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿರುತ್ತಾರೆ, ಆ ವ್ಯತ್ಯಾಸ ಅಯಸ್ಕಾಂತಕ್ಕೆ ತಿಳಿಯದು. ಉಪ್ಪು, ಹುಣಸೆಹುಳಿಗೆ ತಿಳಿಯುತ್ತದೆ, ಕೆಲವು ವರ್ಷ ಕಳೆದಮೇಲೆ. ಗ್ರೇಡನ್ನು ಬಿಲ್ಲಿನ ಮೇಲೆ ಬರೆದುಕೊಡಿ ಎಂದದ್ದೇ ತಡ, ಅಯಸ್ಕಾಂತ ಜೇಬಿಗೆ ಮರಳಿತು.

ಇಷ್ಟರಲ್ಲಿ ಗ್ರಾನೈಟ್ ಮೇಸ್ತ್ರಿ ಬಂದರು. ನಿಮ್ಮ ಪ್ರಿಂಟೌಟನ್ನು ಅವರ ಕೈಗೆ ಕೊಟ್ಟೆ. ಮಡಚಿ ಕಿವಿಯ ಪೆನ್ಸಿಲಿನ ಜೊತೆ ಸಿಕ್ಕಿಸಿಕೊಂಡು, ಟೇಪು ಹಿಡಿದು ನೇರ ಕ್ಯಾಬಿನೆಟ್ಟಿನೊಳಗೆ ತಲೆ ಹಾಕಿದರು. ಒಳಗಿನಿಂದಲೇ ಅಳತೆ ಕೂಗುತ್ತಿದ್ದರು, ಹುಡುಗ ಕಲ್ಲಿನ ಮೇಲೆ ಬರೆಯುತ್ತಿದ್ದ. ಹಿಂದೆ ನಲ್ಲಿಯ ತೂತಿಗೆ 35 ಮಿ.ಮೀ. ಬೇಕು, ಆ ನಟ್ಟು ಬಿಗಿಯಲು ಸಿಂಕಿಗೂ ಗೋಡೆಗೂ ನಡುವೆ ಒಂದು ಕೈ ತೂರಬೇಕು, ಮುಂದೆ ಬಾಗಿಲ ಪಟ್ಟಿ ಉಳಿಯಬೇಕು. ಹೊರಗೆ ಬಂದು ಮೊಣಕಾಲು ಕೊಡವಿಕೊಂಡು ತೀರ್ಪು ಕೊಟ್ಟರು: "21×18 ತಗೊಳ್ಳಿ, ಆಳ 8 ಸಾಕು. ಸಿಂಕು ತನ್ನಿ, ಆಮೇಲೆ ಮಷಿನ್ ಹಾಕ್ತೀನಿ." ಸಿಂಕು ಮನೆಗೆ ಬರುವವರೆಗೆ ಕಲ್ಲಿಗೆ ಗರಗಸ ತಾಗಿಸಲು ಅವರು ಸುತರಾಂ ಒಪ್ಪಲಿಲ್ಲ. ಡಬ್ಬದ ಮೇಲಿನ ಅಳತೆಯನ್ನೂ ಅವರು ನಂಬುವವರಲ್ಲ.

21 ಇಂಚೆಂದರೆ 533 ಮಿ.ಮೀ.; ಎರಡೂ ಪಕ್ಕ 15 ಮಿ.ಮೀ. ಸಿಕ್ಕಿತು. ಕತ್ತರಿಸಿದ ಅಂಚಿಗೆ ಒಳಗೂ ಪಾಲಿಶ್ ಆಯಿತು, ಏಕೆಂದರೆ ಅಂಡರ್‌ಮೌಂಟಿನಲ್ಲಿ ಆ ಕೊಯ್ದ ಮೈಯೇ ಕಣ್ಣಿಗೆ ಬೀಳುವುದು. ಮನೆಯ ಅಕ್ಕಿ ಡಬ್ಬಿಯವರೆಗೂ ಧೂಳು ಹೋಯಿತು, ಅದಿರಲಿ. ಬರೀ ಸಿಲಿಕೋನಿನ ಮೇಲೆ ಸಿಂಕನ್ನು ತೂಗುಹಾಕಲು ಮೇಸ್ತ್ರಿ ಬಿಡಲಿಲ್ಲ. ತುಂಬಿದಾಗ ಈ ಪುಟ್ಟ ತೊಟ್ಟಿಗೇ ನಲವತ್ತು ಲೀಟರಿನಷ್ಟು ನೀರು, ಅಂದರೆ ಅಷ್ಟೇ ಕೆ.ಜಿ. ತೂಕ. ಅದರ ಮೇಲೆ ಕುಕ್ಕರು, ಬಾಣಲೆ. ಕೆಳಗೆ ಎರಡೂ ಕಡೆ ಗ್ರಾನೈಟ್ ಪಟ್ಟಿ ಕೊಟ್ಟು ಸಿಂಕನ್ನು ಹೊರಿಸಿದರು. ಹುಳಿ ವಾಸನೆಯ ಸಿಲಿಕೋನ್ ಕಲ್ಲಿಗೆ ಆಗಿಬರುವುದಿಲ್ಲವೆಂದು ನ್ಯೂಟ್ರಲ್ ಬಗೆಯದನ್ನೇ ತರಿಸಿದರು. ಮಾರನೇ ದಿನದವರೆಗೆ ನೀರು ಮುಟ್ಟಿಸಬೇಡಿ ಎಂದದ್ದರಿಂದ ಅಂದು ಪಾತ್ರೆಗಳೆಲ್ಲ ಬಚ್ಚಲಿಗೆ ಹೋದವು.

ಈಗ ಎಲ್ಲ ಸುಸೂತ್ರ. ಇಡ್ಲಿ ಪಾತ್ರೆಯನ್ನು ಓರೆಯಾಗಿಟ್ಟು ತೊಳೆಯಬೇಕು, ಅಷ್ಟೇ. ಒರೆಸಿದ ಕೊತ್ತಂಬರಿ ದಂಟು, ಹಿಟ್ಟು ಅಂಚಿಗೆ ಸಿಗದೆ ನೇರ ಸಿಂಕಿಗೆ ಬೀಳುತ್ತವೆ, ತಾವು ಹೇಳಿದ್ದ ಹಾಗೆಯೇ. ಅದೊಂದು ಮಾತು ಸುಳ್ಳಾಗಲಿಲ್ಲ.

ಕೊನೆಯ ಕಂತಿನ ಬಿಲ್ಲು ತಲುಪಿತು. ಅದರಲ್ಲಿ 'ಸ್ಥಳ ಅಳತೆ ಶುಲ್ಕ' ಎಂಬ ಸಾಲು ಕಂಡು ಮನೆಮಂದಿಗೆಲ್ಲ ಬಹಳ ಸಂತೋಷವಾಯಿತು. ಆ ಮೊತ್ತವನ್ನು ಮೇಸ್ತ್ರಿಗೆ ಪಾವತಿಸಿದ್ದೇನೆ. ರಸೀದಿ ಬೇಕಿದ್ದರೆ ಅವರನ್ನೇ ಕೇಳಿ. ಅವರು ಯಾವುದಾದರೂ ಕ್ಯಾಬಿನೆಟ್ಟಿನೊಳಗೆ ಸಿಗುತ್ತಾರೆ.

ಇಂತಿ ತಮ್ಮ ವಿಶ್ವಾಸಿ,
ಪಾತ್ರೆ ತೊಳೆಯುವವಳು